ಮನೆಗೆ ಬಂದ ಮರಿ, ಮನೆಯವರಿಗೆ ಪಾಠ

ಬೇಲೆಕೇರಿಯ ಕಡಲಂಚಿನಲ್ಲಿ ನಾಯಿಯಿಲ್ಲದ ಕೇರಿಯನ್ನು ಹುಡುಕುವುದು ಕಷ್ಟ. ದೋಣಿ ದಡ ಸೇರುವ ಹೊತ್ತಿಗೆ ಮೀನಿನ ಬುಟ್ಟಿಗಳ ಸುತ್ತ ಸುಳಿದಾಡುವವು ಕೆಲವು. ದಣಪೆಯ ಬಳಿ ಮಲಗಿ, ಹಾದಿಹೋಕರನ್ನು ಕಣ್ಣಿನಲ್ಲೇ ವಿಚಾರಿಸಿಕೊಳ್ಳುವವು ಕೆಲವು. ಇವೆರಡೂ ಹುಟ್ಟಿನಿಂದ ಬೇರೆ ಬೇರೆ ಜಾತಿಯವೇನೂ ಅಲ್ಲ. ಒಂದಕ್ಕೆ ಮನೆ ದೊರೆಯಿತು, ಮತ್ತೊಂದಕ್ಕೆ ದೊರೆಯಲಿಲ್ಲ. ಇನ್ನು ಮೂರನೆಯ ಬಗೆಯೊಂದಿದೆ: ಮನೆ ದೊರೆತು, ಕೆಲವೇ ತಿಂಗಳುಗಳಲ್ಲಿ ಅದನ್ನು ಕಳೆದುಕೊಂಡದ್ದು. ಈ ಲೇಖನ ಅದರ ಸಲುವಾಗಿ.

ಅದರ ಚರಿತ್ರೆ ಎಲ್ಲ ಊರುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಮಕ್ಕಳು ಹಟಹಿಡಿದು ಮರಿಯನ್ನು ತರುತ್ತಾರೆ. ಮೊದಲ ತಿಂಗಳು ಅದು ಮಾಡಿದ್ದೆಲ್ಲ ಲೀಲೆ. ಸೆರಗನ್ನು ಕಚ್ಚಿ ಎಳೆದರೆ ನಗು, ಮೈಮೇಲೆ ಹಾರಿದರೆ ಮುದ್ದು. ಆರನೆಯ ತಿಂಗಳಿಗೆ ಮರಿ ದೊಡ್ಡದಾಗುತ್ತದೆ, ಲೀಲೆ ಅಪರಾಧವಾಗುತ್ತದೆ. ನೆರೆಮನೆಯವರು ಒಣಗಲು ಹರಡಿದ ಮೀನಿಗೆ ಬಾಯಿ ಹಾಕಿದ ದಿನ ಅದರ ಕೊರಳಿಗೆ ಸರಪಳಿ ಬೀಳುತ್ತದೆ. ಸರಪಳಿಯಲ್ಲಿ ಬೇಸತ್ತು ಬೊಗಳಿದರೆ ಪೆಟ್ಟು ಬೀಳುತ್ತದೆ. ಕೊನೆಗೊಂದು ಸಂಜೆ ಯಾರೋ ಅದನ್ನು ದೂರದ ದಡಕ್ಕೆ ಒಯ್ದು ಬಿಟ್ಟು ಬರುತ್ತಾರೆ. "ನಾಯಿಯ ಬಾಲ ಡೊಂಕೇ" ಎಂಬ ಗಾದೆಯೊಂದಿಗೆ ಪ್ರಕರಣ ಮುಗಿಯುತ್ತದೆ.

ಆದರೆ ನ್ಯಾಯವಾಗಿ ವಿಚಾರಿಸಿದರೆ, ಆ ಪ್ರಾಣಿ ಕಲಿಯದೆ ಹೋದದ್ದೇನೂ ಇಲ್ಲ. ಮನೆ ಏನನ್ನು ಕಲಿಸಿತೋ ಅದನ್ನು ಚೆನ್ನಾಗಿಯೇ ಕಲಿತಿತ್ತು.

ಒಬ್ಬ ಒಡೆಯ, ಆರು ಒಡೆಯರು

ಕನ್ನಡನಾಡು ನಾಯಿಯನ್ನು ಎಷ್ಟು ಎತ್ತರಕ್ಕೇರಿಸಬಲ್ಲುದು ಎಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲೇ ಸಾಕ್ಷಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. 949–50 ರ ಶಾಸನ ಅದು. ಮಣಲೇರನೆಂಬ ವೀರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಒಡೆಯನಿಂದ ಬೇಡಿ ಪಡೆದದ್ದು 'ಕಾಳಿ' ಎಂಬ ನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಮಡಿದವು. ಆ ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿಯ ದತ್ತಿ ನಡೆಯಿತು. ಕಲ್ಲಿಗೆ ಪೂಜೆ ಸಲ್ಲಿಸಿದ ಮೇಲೆಯೇ ಅಲ್ಲಿಯ ಗೊರವ ಊಟ ಮಾಡತಕ್ಕದ್ದೆಂಬ ಕಟ್ಟಳೆಯೂ ಅದರಲ್ಲಿದೆ. ನಾಯಿಯನ್ನು ಕುರಿತು ಮನುಷ್ಯನಿಗೇ ನಿಯಮ ವಿಧಿಸಿದ ಈ ಶಾಸನವನ್ನು ಇಂದಿಗೂ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಮುಧೋಳದ ಬೇಟೆನಾಯಿಯ ಕೀರ್ತಿಯೂ ಸಣ್ಣದಲ್ಲ. ಅಂಚೆ ಇಲಾಖೆ 2005 ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮುಂದೆ ಸೈನ್ಯವೂ ಆ ತಳಿಯ ಮರಿಗಳನ್ನು ಮೀರತ್ತಿನ ತನ್ನ ಕೇಂದ್ರಕ್ಕೆ ಕರೆಸಿಕೊಂಡು ತರಬೇತಿ ಕೊಟ್ಟಿತು. ಆದರೆ ಬೇಟೆಯ ನಾಯಿಗೂ ಸೈನ್ಯದ ನಾಯಿಗೂ ಒಂದು ಭಾಗ್ಯವಿದೆ: ಒಬ್ಬ ಒಡೆಯ, ಒಂದು ಕೆಲಸ, ಒಂದು ಮಾತು. ನಮ್ಮ ಮನೆಯ ಮರಿಗೋ ಆರು ಮಂದಿ ಒಡೆಯರು, ಆರು ಬಗೆಯ ಆಜ್ಞೆಗಳು. ಅಪ್ಪ "ಕೂತ್ಕೊ" ಎನ್ನುತ್ತಾರೆ. ಶಾಲೆಗೆ ಹೋಗುವ ಮಗ "ಸಿಟ್" ಎನ್ನುತ್ತಾನೆ. ಬೇಲಿಯಾಚೆಯ ಕೊಂಕಣಿ ಮಾತಿನ ನೆರೆಯವರು "ಬಸ್" ಎನ್ನುತ್ತಾರೆ. ನಾಯಿಗೆ ಭಾಷಾಭಿಮಾನವಿಲ್ಲ, ಯಾವ ಶಬ್ದವಾದರೂ ಆದೀತು. ಆದರೆ ಅದು ಒಂದೇ ಶಬ್ದವಾಗಿರಬೇಕು.

ಆದ್ದರಿಂದ ಮರಿಯನ್ನು ತರುವ ಮುನ್ನಿನ ಸಂಜೆ ಮನೆಯವರೆಲ್ಲ ಜಗಲಿಯ ಮೇಲೆ ಕುಳಿತು ಐದು ಸಂಗತಿಗಳನ್ನು ನಿರ್ಣಯಿಸುವುದು ಲೇಸು. ಮರಿ ಎಲ್ಲಿ ಮಲಗಬೇಕು? ಯಾವ ಹೊಸ್ತಿಲನ್ನು ದಾಟಬಾರದು? ಅದಕ್ಕೆ ಊಟ ಯಾರು, ಯಾವಾಗ ಹಾಕಬೇಕು? ಕುಳಿತುಕೊಳ್ಳಲು, ಬರಲು, ಬಿಡಲು ಯಾವ ಮೂರು ಮಾತು? ಅತಿಥಿಗಳು ಬಂದಾಗ ಅದು ಎಲ್ಲಿರಬೇಕು? ಉತ್ತರಗಳನ್ನು ಹಾಳೆಯಲ್ಲಿ ಬರೆದು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದರೆ ಹಿರಿಯರಿಗೂ ಕಿರಿಯರಿಗೂ ನೆನಪಿರುತ್ತದೆ. ನಾಯಿ ಅದನ್ನು ಓದಲಾರದು, ಓದಬೇಕಾದವರು ಮನೆಯವರೇ.

"ಒಂದಿನ ಕೊಟ್ರೆ ಏನಾಗ್ತದೆ?"

ಅಡಿಗೆಮನೆಯ ಹೊಸ್ತಿಲನ್ನು ನಾಯಿ ದಾಟಬಾರದೆಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವರು ಸಾಮಾನ್ಯವಾಗಿ ಅಜ್ಜಿ. ಊಟದ ಹೊತ್ತಿಗೆ ಆ ಕಣ್ಣುಗಳನ್ನು ನೋಡಿ ಕರಗಿ ಬಂಗಡೆಯ ತುಂಡನ್ನು ಎಸೆಯುವವರೂ ಅವರೇ. ಮೊಮ್ಮಗ ಆಕ್ಷೇಪಿಸಿದರೆ, "ಒಂದಿನ ಕೊಟ್ರೆ ಏನಾಗ್ತದೆ, ತಮಾ?" ಎಂದು ಬಾಯಿ ಮುಚ್ಚಿಸುತ್ತಾರೆ.

ಏನಾಗುತ್ತದೆಂಬುದನ್ನು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದ್ದಾನೆ. ಪ್ರತಿಸಲವೂ ದೊರೆಯುತ್ತಿದ್ದ ಬಹುಮಾನ ನಿಂತರೆ ಪ್ರಾಣಿ ಬೇಗನೆ ಪ್ರಯತ್ನವನ್ನು ಬಿಡುತ್ತದೆ. ಎಂದೋ ಒಮ್ಮೆ, ಲೆಕ್ಕ ತಪ್ಪಿದಂತೆ ದೊರೆಯುವ ಬಹುಮಾನವಾದರೆ ಅದು ಪಟ್ಟುಬಿಡದೆ ಯತ್ನಿಸುತ್ತಲೇ ಇರುತ್ತದೆ. ಲಾಟರಿಯ ಚೀಟಿ ಕೊಳ್ಳುವವನ ಆಸೆಯೂ ಇದೇ ಬಗೆಯದು. ಹತ್ತು ದಿನ ಗದರಿಸಿ ಹನ್ನೊಂದನೆಯ ದಿನ ತುಂಡೊಂದನ್ನು ಎಸೆದ ಮನೆ ನಾಯಿಗೆ ಕಲಿಸಿದ ಪಾಠ ಇಷ್ಟೇ: ಬೇಡುತ್ತಲೇ ಇರು, ಒಂದು ದಿನ ಸಿಕ್ಕೀತು. ಕೊಡಬೇಕೆಂಬ ಅಜ್ಜಿಯ ಮಮತೆ ತಪ್ಪಲ್ಲ. ಮುಳ್ಳು ತೆಗೆದ ಆ ತುಂಡನ್ನು ಊಟವಾದ ಮೇಲೆ ಅಂಗಳದಲ್ಲಿ, ನಾಯಿಯ ತಟ್ಟೆಯಲ್ಲಿಯೇ ಹಾಕಿದರೆ ಮಮತೆಯೂ ಉಳಿದೀತು, ನಿಯಮವೂ ಉಳಿದೀತು. ಮೀನಿನ ಸಾರನ್ನು ಮಾತ್ರ ಹಾಕಬಾರದು. ನೀರುಳ್ಳಿ ನಾಯಿಯ ರಕ್ತಕ್ಕೆ ವಿಷ.

ಪಾಠದ ಕ್ರಮ

ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಕಚ್ಚಿದರೆ ಎಷ್ಟು ನೋಯುತ್ತದೆಂಬ ಮೊದಲ ಪಾಠವನ್ನು ಅದು ತಾಯಿಯಿಂದ, ಒಡಹುಟ್ಟಿದವರಿಂದ ಕಲಿಯುತ್ತದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು 1965 ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲ ಮರಿಯ ಬಾಳಿನಲ್ಲಿ ಅತಿ ಮಹತ್ವದ್ದು. ಆಗ ಸ್ನೇಹದಿಂದ ಕಂಡದ್ದು ಜೀವಮಾನವಿಡೀ ಸ್ನೇಹಿತ. ಆಗ ಕಾಣದ್ದು ಮುಂದೆ ಭಯದ ವಸ್ತು. ಆದ್ದರಿಂದ ಮೀನಿನ ಬುಟ್ಟಿ ಹೊತ್ತು ಬರುವವರನ್ನೂ, ಕೊಡೆ ಹಿಡಿದವರನ್ನೂ, ಪುಟ್ಟ ಮಕ್ಕಳನ್ನೂ, ಹಸುವನ್ನೂ, ಮೋಟಾರು ಸೈಕಲ್ಲನ್ನೂ ಅದಕ್ಕೆ ಮೆಲ್ಲಗೆ ಪರಿಚಯಿಸಬೇಕು. ಚುಚ್ಚುಮದ್ದು ಪೂರ್ತಿಯಾಗುವವರೆಗೆ ಬೀದಿಯ ನೆಲಕ್ಕೆ ಬಿಡದೆ ಎತ್ತಿಕೊಂಡೇ ತೋರಿಸಬಹುದು.

ನಮ್ಮ ಕರಾವಳಿಯಲ್ಲಿ ಹೊಸಬರು ಮೊದಲು ಸೋಲುವುದು ಮಳೆಗಾಲದಲ್ಲಿ. ಮಳೆ ಸುರಿಯುತ್ತಿರುವಾಗ ಹೊರಗೆ ಹೋಗಲು ಹೆದರುವ ಮರಿ ಜಗಲಿಯ ಮೂಲೆಯನ್ನೇ ಆರಿಸಿಕೊಳ್ಳುತ್ತದೆ. ಮಾಡಿನ ಸೂರಿನಡಿಯಲ್ಲಿ ಒಂದು ಒಣ ಜಾಗವನ್ನು ಗೊತ್ತುಮಾಡಿ, ಎದ್ದೊಡನೆ, ಉಂಡೊಡನೆ, ಆಟ ಮುಗಿದೊಡನೆ ಅಲ್ಲಿಗೇ ಕರೆದೊಯ್ಯಬೇಕು. ಕಾರ್ಯವಾದ ಕ್ಷಣದಲ್ಲೇ ಮೆಚ್ಚುಗೆಯ ಮಾತು, ಚಿಟಿಕೆಯಷ್ಟು ತಿನಿಸು ಸಲ್ಲಬೇಕು; ತಡವಾದರೆ ಯಾವುದಕ್ಕೆ ಬಂತೆಂದು ಅದಕ್ಕೆ ತಿಳಿಯದು. ಗಲೀಜು ಮಾಡಿ ಗಳಿಗೆ ಕಳೆದ ಮೇಲೆ ಮೂಗನ್ನು ಅದರಲ್ಲಿ ಒತ್ತಿ ಶಿಕ್ಷಿಸುವುದು ಕ್ರೌರ್ಯವೂ ಹೌದು, ನಿರರ್ಥಕವೂ ಹೌದು. ಮನುಷ್ಯರ ಎದುರಿಗೆ ಆ ಕೆಲಸ ಮಾಡಬಾರದೆಂದು ಮಾತ್ರ ಮರಿ ಅದರಿಂದ ಕಲಿತೀತು.

ನಾಲ್ಕನೆಯ ತಿಂಗಳಿನಿಂದ ಹಾಲುಹಲ್ಲು ಬಿದ್ದು, 42 ಶಾಶ್ವತ ಹಲ್ಲುಗಳು ಮೂಡತೊಡಗುತ್ತವೆ. ಒಸಡಿನ ನವೆಗೆ ಅದು ಏನನ್ನಾದರೂ ಕಡಿಯಲೇಬೇಕು. ಚಪ್ಪಲಿಯನ್ನು ಮೇಲಿಟ್ಟು, ಗಂಟುಹಾಕಿದ ಹಳೆಯ ಹಗ್ಗವನ್ನು ಕೆಳಗಿಟ್ಟರೆ ಅರ್ಧ ಜಗಳ ತೀರಿತು.

ದಂಡದಿಂದ ಕಲಿಯುವುದೇನು?

ನಾಯಿ ತೋಳದ ಸಂತತಿ, ತೋಳಗಳ ಹಿಂಡಿನಲ್ಲಿ ಬಲಿಷ್ಠನೇ ನಾಯಕ, ಆದುದರಿಂದ ಹೊಡೆದು ಅಡಗಿಸಿದವನನ್ನೇ ನಾಯಿ ಯಜಮಾನನೆಂದು ಒಪ್ಪುತ್ತದೆ ಎಂಬ ವಾದವನ್ನು ಇಂದಿಗೂ ಕೇಳುತ್ತೇವೆ. ಇದರ ಬೇರು ರುಡಾಲ್ಫ್ ಶೆಂಕೆಲ್ 1947 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಅವನು ನೋಡಿದ್ದು ಮೃಗಾಲಯದ ಬೇಲಿಯೊಳಗೆ ಕೂಡಿಹಾಕಿದ ತೋಳಗಳನ್ನು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಡೇವಿಡ್ ಮೆಕ್, ಹಿಂಡೆಂದರೆ ಸಾಮಾನ್ಯವಾಗಿ ತಾಯಿ, ತಂದೆ ಮತ್ತು ಅವರ ಮಕ್ಕಳ ಕುಟುಂಬವೆಂದು 1999 ರಲ್ಲಿ ಸ್ಪಷ್ಟಪಡಿಸಿದ. ಹಿರಿಯರ ನಡೆಯನ್ನು ನೋಡಿ ಕಿರಿಯರು ಕಲಿಯುವ ಮನೆ ಅದು. ಪೆಟ್ಟು ತಿಂದ ನಾಯಿ ಕೈಗೆ ಹೆದರುತ್ತದೆ. ಹೆದರಿದ ನಾಯಿ ಒಂದು ದಿನ ಆ ಮನೆಯ ಅತಿ ಚಿಕ್ಕ ಕೈಯನ್ನೇ ಕಚ್ಚೀತು.

ಕಚ್ಚುವಿಕೆಯೆಂದೊಡನೆ ಹುಚ್ಚುನಾಯಿ ರೋಗದ ಮಾತು ಬಾರದಿರದು. ಲಕ್ಷಣಗಳು ತೋರಿದ ಮೇಲೆ ಈ ರೋಗದಿಂದ ಬದುಕಿ ಉಳಿಯುವುದು ಅತಿ ವಿರಳ. ಮರಿಗೆ ಮೂರು ತಿಂಗಳಾದಾಗ ಅದರ ಲಸಿಕೆಯನ್ನು ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ತಪ್ಪದೆ ಮುಂದುವರಿಸಬೇಕು. ಮಳೆಗಾಲದ ಇಲಿಜ್ವರಕ್ಕೂ ನಾಯಿಗೆ ಲಸಿಕೆಯುಂಟು. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಸುಣ್ಣ, ಅರಿಸಿನ ಹಚ್ಚಿ ಕೂಡುವುದು ಪ್ರಾಣದೊಡನೆ ಆಡುವ ಜೂಜು.

ದಣಪೆಯಾಚೆಯ ಹೊಣೆ

ಮನೆಯ ನಿಯಮ ಬೇಲಿಗೆ ಮುಗಿಯುವುದಿಲ್ಲ. ರಾತ್ರಿ ನಾಯಿಯನ್ನು ಬಿಚ್ಚಿಬಿಡುವ ವಾಡಿಕೆ ನಮ್ಮಲ್ಲಿ ಹಲವರಿಗಿದೆ. ಚಳಿಗಾಲದ ರಾತ್ರಿಗಳಲ್ಲಿ ಉತ್ತರ ಕನ್ನಡದ ಮರಳದಂಡೆಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ; ಗೂಡನ್ನು ವಾಸನೆಯಿಂದ ಹುಡುಕಿ ಬಗೆಯುವುದರಲ್ಲಿ ನಾಯಿ ನಿಪುಣ. ಹತ್ತಿರದ ಹೆದ್ದಾರಿಯ ಲಾರಿಗಳಿಗೋ ನಾಯಿಯೆಂದರೆ ಲೆಕ್ಕವೇ ಇಲ್ಲ. ರಾತ್ರಿ ಅದನ್ನು ಬೇಲಿಯೊಳಗೆ ಉಳಿಸಿಕೊಳ್ಳುವುದು ಎಲ್ಲರಿಗೂ ಕ್ಷೇಮ.

ಹಾಗೆಂದು ಹಗಲಿರುಳು ಕಟ್ಟಿಹಾಕುವುದೂ ಸಲ್ಲದು. 1960 ರ ಪ್ರಾಣಿಹಿಂಸೆ ತಡೆ ಕಾಯಿದೆ ನಾಯಿಯನ್ನು ಗಿಡ್ಡ ಸರಪಳಿಯಲ್ಲಿ ದೀರ್ಘಕಾಲ ಬಿಗಿಯುವುದನ್ನೂ, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದನ್ನೂ, ಹಸಿದು ನರಳುವಂತೆ ತೊರೆಯುವುದನ್ನೂ ಅಪರಾಧವೆಂದು ಎಣಿಸುತ್ತದೆ. ದಡದಲ್ಲಿ ಬಿಟ್ಟರೆ ಮೀನು ತಿಂದು ಬದುಕುತ್ತದೆ ಎಂಬ ಸಮಾಧಾನವೂ ಹುಸಿ. ಜೂನ್ 1 ರಿಂದ ಜುಲೈ 31 ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುತ್ತದೆ. ಆ ಎರಡು ತಿಂಗಳು ದಡದಲ್ಲಿ ಎಸೆಯುವ ಮೀನಾದರೂ ಎಲ್ಲಿಯದು? ಮನೆಯ ತಟ್ಟೆಯನ್ನು ನಂಬಿ ಬೆಳೆದ ಪ್ರಾಣಿ ಸುರಿಮಳೆಯಲ್ಲಿ ಬೀದಿನಾಯಿಗಳ ಕಡಿತಕ್ಕೆ ಸಿಕ್ಕುತ್ತದೆ. ಬದುಕಿದರೆ ತಾನೂ ಕಡಿಯಲು ಕಲಿಯುತ್ತದೆ.

ಇಷ್ಟನ್ನೆಲ್ಲ ಓದಿದವರು ನಾಯಿಯ ಸಹವಾಸವೇ ಬೇಡವೆಂದರೆ ಅದೂ ಒಂದು ಪ್ರಾಮಾಣಿಕ ನಿರ್ಣಯವೇ. ತರುವೆವೆಂದವರು ಮಾತ್ರ, ದುಬಾರಿಯ ಚಳಿನಾಡಿನ ತಳಿಯನ್ನು ಈ ಸೆಕೆಗೆ ತಂದು ನರಳಿಸುವ ಬದಲು, ಈ ಹವೆಗೆ ಒಗ್ಗಿದ ಊರಿನ ಮರಿಯನ್ನೇ ತರಲಿ. ಅದು ಹನ್ನೆರಡು, ಹದಿನೈದು ವರ್ಷ ಬಾಳಬಲ್ಲ ಜೀವ; ಹಟಹಿಡಿದು ತಂದ ಹುಡುಗ ಕಾಲೇಜು ಮುಗಿಸಿ ನೌಕರಿಗೆ ಹೋದ ಮೇಲೆಯೂ ದಣಪೆಯ ಬಳಿ ಅವನ ದಾರಿ ಕಾಯುತ್ತಿರುತ್ತದೆ. ಅಲ್ಲಿಯವರೆಗೂ ಆ ಜಾಗ ಅದರದಾಗಿಯೇ ಉಳಿಯುವಂತೆ ನೋಡಿಕೊಳ್ಳುವ ಭಾರ, ಮೊದಲ ಸಂಜೆ ಜಗಲಿಯ ಮೇಲೆ ಕುಳಿತು ಒಪ್ಪಿಕೊಂಡವರೆಲ್ಲರದು.