ಮಕ್ಕಳ ನ್ಯುಮೋನಿಯಾ ಮತ್ತು ಔಷಧದ ಆಯ್ಕೆ

"ಎಂಟು ವರ್ಷದ ಹಿರಿಯವನಿಗೆ ಒಂದು ಮದ್ದು, ಎರಡು ವರ್ಷದ ಕಿರಿಯವಳಿಗೆ ಇನ್ನೊಂದು. ಕಾಯಿಲೆ ಒಂದೇ ಆದರೂ ಹೀಗೇಕೆ?" ಎಂದು ಪೋಷಕರು ನಮ್ಮನ್ನು ಕೇಳುವುದುಂಟು. ನಾವು ವೈದ್ಯರಲ್ಲ, ಆದರೂ ಓದಿ ತಿಳಿದಷ್ಟನ್ನು ಇಲ್ಲಿ ವಿವರಿಸುತ್ತೇವೆ.

ಶ್ವಾಸಕೋಶದೊಳಗಿನ ಸಣ್ಣ ಗಾಳಿಚೀಲಗಳು ಸೋಂಕಿನಿಂದ ಕೀವುನೀರು ತುಂಬಿಕೊಳ್ಳುವುದೇ ನ್ಯುಮೋನಿಯಾ. ಕಾರಣ ಬ್ಯಾಕ್ಟೀರಿಯಾ ಆಗಿರಬಹುದು, ವೈರಸ್ ಆಗಿರಬಹುದು. ಆಂಟಿಬಯಾಟಿಕ್ ಔಷಧಗಳು ವೈರಸ್ಸಿಗೆ ನಾಟುವುದಿಲ್ಲ. ಒಳಗಿರುವ ರೋಗಾಣು ಯಾವುದೆಂಬುದು ವೈದ್ಯರ ಕಣ್ಣಿಗೆ ಕಾಣದಿರುವುದೇ ಇಲ್ಲಿಯ ತೊಡಕು. ಎಳೆಯ ಮಗು ಕಫವನ್ನು ಉಗುಳದೆ ನುಂಗಿಬಿಡುತ್ತದೆ. ರಕ್ತದಿಂದ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ ದಿನಗಳೇ ಬೇಕು. ಅದರಲ್ಲಿಯೂ ಬಹುಪಾಲು ಏನೂ ಸಿಕ್ಕುವುದಿಲ್ಲ. ಆದುದರಿಂದ ವಯಸ್ಸನ್ನೂ ರೋಗದ ತೀವ್ರತೆಯನ್ನೂ ನೋಡಿ ಊಹಿಸಬೇಕಾಗುತ್ತದೆ.

ಮಗು ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಅದರ ಉಸಿರನ್ನು ಎಣಿಸುತ್ತಾರೆ. 2 ತಿಂಗಳು ತುಂಬಿ ವರ್ಷ ತುಂಬದ ಕೂಸಿಗೆ 50, ಅಲ್ಲಿಂದ 5 ವರ್ಷದವರೆಗೆ 40, ಅಥವಾ ಅದಕ್ಕೂ ಮಿಕ್ಕಿದ್ದರೆ ಅದು ವೇಗದ ಉಸಿರು. ಗಡಿಯಾರದ ಸೆಕೆಂಡು ಮುಳ್ಳನ್ನು ನೋಡಬಲ್ಲ ನಮ್ಮ ಐದನೆಯ ತರಗತಿಯ ಮಕ್ಕಳೂ ತಮ್ಮಂದಿರ ಉಸಿರನ್ನು ಎಣಿಸಿ ತಾಯಿಗೆ ಹೇಳಬಲ್ಲರು.

ಚಿಕ್ಕ ಮಕ್ಕಳಲ್ಲಿ ಈ ಕೇಡನ್ನು ಮಾಡುವ ಬ್ಯಾಕ್ಟೀರಿಯಾಗಳಲ್ಲಿ ನ್ಯುಮೊಕಾಕಸ್ ಮುಖ್ಯವಾದುದು. ಮನೆಯಲ್ಲಿಯೇ ಶುಶ್ರೂಷೆ ಮಾಡಬಹುದಾದ ಮಗುವಿಗೆ ಅಮಾಕ್ಸಿಸಿಲಿನ್ ಮೊದಲ ಆಯ್ಕೆ; 1928ರಲ್ಲಿ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ನಿನ ವಂಶದ್ದು. ಈ ವಂಶದ ಮದ್ದುಗಳು ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕಟ್ಟಗೊಡದೆ ಕೊಲ್ಲುತ್ತವೆ. ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಮೈಕೊಪ್ಲಾಸ್ಮಾ ಎಂಬ ಇನ್ನೊಂದು ರೋಗಾಣು ಹೆಚ್ಚು. ಅದಕ್ಕೆ ಆ ಗೋಡೆಯೇ ಇಲ್ಲ! ಅಲ್ಲಿ ಅಮಾಕ್ಸಿಸಿಲಿನ್ ಏನು ಮಾಡೀತು? ಆ ಸಂಶಯವಿದ್ದಲ್ಲಿ ಅಜಿತ್ರೋಮೈಸಿನ್ನಿನಂಥ ಮದ್ದನ್ನು ಬರೆಯುತ್ತಾರೆ. ಅಣ್ಣತಂಗಿಯರ ಮದ್ದು ಬೇರೆಯಾಗುವುದು ಹೀಗೆ.

ಹಾಲನ್ನೂ ಕುಡಿಯಲಾರದ, ಸೆಳವು ಬಂದ, ಮಂಪರಿನಲ್ಲಿ ಬಿದ್ದಿರುವ ಮಗುವನ್ನು ಒಡನೆಯೇ ಆಸ್ಪತ್ರೆಗೆ ಒಯ್ಯತಕ್ಕದ್ದು. 2 ತಿಂಗಳು ತುಂಬದ ಕೂಸಿಗೆ ಉಸಿರಿನ ತೊಂದರೆ ಕಂಡರೂ ಹಾಗೆಯೇ. ಅಲ್ಲಿ ಸಾಮಾನ್ಯವಾಗಿ ಆಂಪಿಸಿಲಿನ್, ಜೆಂಟಾಮೈಸಿನ್ ಎರಡನ್ನೂ ಕೂಡಿಸಿ ಚುಚ್ಚುಮದ್ದಾಗಿ ಕೊಡುತ್ತಾರೆ.

ಹಿಂದಿನ ಸಲ ಉಳಿದ ಸೀಸೆಯಿಂದ ಎರಡು ಚಮಚ ಕುಡಿಸಿ ನೋಡುವ ಅಭ್ಯಾಸ ನಮ್ಮವರಲ್ಲಿ ಇನ್ನೂ ಹೋಗಿಲ್ಲ. ಮದ್ದಿನ ಪ್ರಮಾಣ ಮಗುವಿನ ತೂಕದ ಮೇಲೆ ನಿಲ್ಲುವಂಥದು. ನೀರು ಬೆರೆಸಿದ ಪುಡಿಮದ್ದು ಕೆಲವೇ ದಿನಗಳಲ್ಲಿ ಸತ್ವಗೆಡುತ್ತದೆ. ಹಾಗೆ ಕೊಟ್ಟಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬಾರದು; ಅದನ್ನು ತಿಳಿದ ಮೇಲೆ ಅವರ ಆಯ್ಕೆಯೇ ಬದಲಾದೀತು. ಎರಡು ಮೂರು ದಿನ ಬಿಟ್ಟು ಮತ್ತೆ ಬರಹೇಳುವುದೂ, ಗುಣ ಕಾಣದಿದ್ದಲ್ಲಿ ಮೊದಲಿನ ಊಹೆಯನ್ನು ತಿದ್ದಿ ಬೇರೆ ಮದ್ದನ್ನು ಹಿಡಿಯುವುದಕ್ಕಾಗಿಯೇ.