ಕೆನೆ ಕ್ಯಾನಿನ ಊರುಗಳು

ರೈಲು ನಿಲ್ದಾಣದ ಕಟ್ಟೆಯ ಮೇಲೆ ಕೆನೆಯ ಕ್ಯಾನು ಇಡುವುದು, ಅದಕ್ಕೆ ಹೆಸರಿನ ಚೀಟಿ ಕಟ್ಟುವುದು, ಮನೆಗೆ ಹೋಗುವುದು. ರೈಲು ಬಂದು ಕ್ಯಾನನ್ನು ದೂರದ ಬೆಣ್ಣೆ ಕಾರ್ಖಾನೆಗೆ ಒಯ್ಯುತ್ತಿತ್ತು. ಕೆಲವು ದಿನಗಳ ಮೇಲೆ ಖಾಲಿ ಕ್ಯಾನು ವಾಪಸು ಬರುತ್ತಿತ್ತು, ಚೆಕ್ಕೂ ಬರುತ್ತಿತ್ತು. ಸುಮಾರು ನೂರು ವರ್ಷದ ಹಿಂದೆ ಕೆನಡಾ ದೇಶದ ಸಸ್ಕ್ಯಾಚೆವಾನ್ ಎಂಬ ಪ್ರಾಂತ್ಯದಲ್ಲಿ ಹೈನುಗಾರಿಕೆ ನಡೆಯುತ್ತಿದ್ದುದು ಹೀಗೆ. ಕ್ಯಾನಿನ ಸದ್ದು ಕೇಳಿ ಏಳುವ ನಮ್ಮ ಅಕ್ಕತಂಗಿಯರಿಗೆ ಆ ಊರುಗಳ ಕಥೆ ಅಷ್ಟೇನೂ ಪರಕೀಯ ಅನ್ನಿಸಲಾರದು.

ಅದು ಪ್ರೇರಿ ಬಯಲು. ಕಣ್ಣು ಹಾಯಿಸಿದಷ್ಟೂ ಹುಲ್ಲು, ಮರ ಅಪರೂಪ, ಚಳಿಗಾಲದಲ್ಲಿ ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿ. ಕೆನಡಾ ಸರ್ಕಾರ 1872ರಲ್ಲಿ ಒಂದು ಕಾನೂನು ತಂದಿತು. 10 ಡಾಲರ್ ಕಟ್ಟಿದರೆ 160 ಎಕರೆ. ಮನೆ ಕಟ್ಟಬೇಕು, ಇಂತಿಷ್ಟು ನೆಲ ಉಳಬೇಕು, ಅಲ್ಲೇ ವಾಸ ಇರಬೇಕು. ಮೂರು ವರ್ಷ ಹೀಗೆ ಮಾಡಿದರೆ ಪಟ್ಟಾ ಕೈಗೆ. ನೆಲ ಖಾಲಿ ಬಿದ್ದಿತ್ತು ಎಂದು ಹಳೆಯ ಬರಹಗಳು ಹೇಳುತ್ತವೆ, ಅದು ನಿಜವಲ್ಲ. ಕ್ರೀ ಮೊದಲಾದ ಮೂಲನಿವಾಸಿಗಳು ತಲೆತಲಾಂತರದಿಂದ ಅಲ್ಲಿದ್ದರು. ಅವರ ಆಹಾರವಾಗಿದ್ದ ಕಾಡೆಮ್ಮೆಗಳು ಬಹುತೇಕ ಅಳಿದುಹೋದವು, ಒಪ್ಪಂದಗಳ ಹೆಸರಿನಲ್ಲಿ ಅವರನ್ನು ಸಣ್ಣ ಸಣ್ಣ ಮೀಸಲು ಜಾಗಗಳಿಗೆ ಸೇರಿಸಲಾಯಿತು. ವಲಸೆ ಬಂದವರ ಕಷ್ಟವನ್ನು ಓದುವಾಗ ಇದನ್ನೂ ನೆನಪಿನಲ್ಲಿಡಬೇಕು.

ಆ 160 ಎಕರೆ ಹೆಂಗಸಿಗೆ ಸಿಗುತ್ತಿರಲಿಲ್ಲ. 18 ತುಂಬಿದ ಗಂಡಸು ಯಾರಾದರೂ ಅರ್ಜಿ ಹಾಕಬಹುದಿತ್ತು. ಹೆಂಗಸಾದರೆ ಅವಳೇ ಮನೆಯ ಯಜಮಾನಿಯಾಗಿರಬೇಕು, ಅಂದರೆ ಹೆಚ್ಚಾಗಿ ಚಿಕ್ಕ ಮಕ್ಕಳಿರುವ ವಿಧವೆ. ಗಡಿಯಾಚೆಯ ಅಮೆರಿಕದಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೂ ಇಂಥ ಜಮೀನು ಸಿಗುತ್ತಿತ್ತು, ಕೆನಡಾದಲ್ಲಿ ಇಲ್ಲ. ಇಂಗ್ಲೆಂಡಿನಿಂದ ಬಂದ ಜಾರ್ಜಿನಾ ಬಿನ್ನಿ-ಕ್ಲಾರ್ಕ್ ಎಂಬಾಕೆ 1905ರಲ್ಲಿ ಅದೇ ಸಸ್ಕ್ಯಾಚೆವಾನ್ ಬಯಲಿನಲ್ಲಿ ಕೈಯಿಂದ ದುಡ್ಡು ಹಾಕಿ ಜಮೀನು ಕೊಂಡು ಗೋಧಿ ಬೆಳೆದರು. ಗಂಡಸರಿಗೆ 10 ಡಾಲರಿಗೆ ಕೊಡುವ ನೆಲವನ್ನು ತಾನೇಕೆ ಪೂರ್ತಿ ಬೆಲೆಗೆ ಕೊಳ್ಳಬೇಕು ಎಂದು ಬರೆದರು, ಸರ್ಕಾರಕ್ಕೂ ಹೋಗಿ ಕೇಳಿದರು. ಸರ್ಕಾರ ಜಗ್ಗಲಿಲ್ಲ.

ನೆಲ ಗಂಡನ ಹೆಸರಿನಲ್ಲಿ, ಕೊಟ್ಟಿಗೆ ಹೆಂಡತಿಯ ಪಾಲಿಗೆ. ಮರ ಇಲ್ಲದ ಕಡೆ ಹುಲ್ಲುಬೇರಿನ ಸಮೇತ ಮಣ್ಣಿನ ಹೆಂಟೆಗಳನ್ನು ಕತ್ತರಿಸಿ ಗೋಡೆ ಕಟ್ಟುತ್ತಿದ್ದರು. ಬೆಚ್ಚಗೇನೋ ಇರುತ್ತಿತ್ತು, ಮಳೆ ಬಂದರೆ ಮಾತ್ರ ಸೂರಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಗೋಧಿ ಫಸಲು ವರ್ಷಕ್ಕೊಂದು, ಅದೂ ಆಲಿಕಲ್ಲು, ಹಿಮ, ಬರ ತಪ್ಪಿದರೆ. ನಡುವಿನ ತಿಂಗಳುಗಳಲ್ಲಿ ಸಕ್ಕರೆ, ಸೀಮೆಎಣ್ಣೆ, ಮಕ್ಕಳ ಬೂಟು ಬಂದದ್ದು ಕೆನೆ ಮತ್ತು ಮೊಟ್ಟೆಯ ದುಡ್ಡಿನಿಂದ. ಮೊದಲು ಮನೆಯಲ್ಲೇ ಬೆಣ್ಣೆ ಕಡೆದು ಅಂಗಡಿಗೆ ಕೊಟ್ಟು ಬದಲಿಗೆ ಸಾಮಾನು ತರುತ್ತಿದ್ದರು. ಕೈಯಲ್ಲಿ ತಿರುಗಿಸುವ ಕೆನೆ ಯಂತ್ರ ಬಂದ ಮೇಲೆ ಕೆನೆ ಕ್ಯಾನಿಗೆ, ಉಳಿದ ತಿಳಿಹಾಲು ಕರುವಿಗೆ, ಹಂದಿಗೆ. ಕರೆದ ಹಾಲು ತಣ್ಣಗಾಗುವ ಮೊದಲೇ ಯಂತ್ರಕ್ಕೆ ಹಾಕಬೇಕು, ಆಮೇಲೆ ಅದರ ತಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ ಬಿಸಿನೀರಿನಲ್ಲಿ ತೊಳೆಯಬೇಕು. ನೀರು ಬಾವಿಯದು, ಬಿಸಿ ಮಾಡಲು ಒಲೆ. ಕೆನೆ ಹುಳಿಯಾದರೆ ದರ್ಜೆ ಇಳಿಯುತ್ತಿತ್ತು. ದರ ಸಿಗುತ್ತಿದ್ದುದು ಜಿಡ್ಡಿನ ಮೇಲೆ. ಜಿಡ್ಡು ಅಳೆಯುವ ಸುಲಭ ಪರೀಕ್ಷೆಯನ್ನು 1890ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ಎಂಬ ವಿಜ್ಞಾನಿ ಕಂಡುಹಿಡಿದಿದ್ದರು. ಫ್ಯಾಟ್ ಎಷ್ಟು ಬಂತು ಎಂಬ ಚರ್ಚೆ ನಮ್ಮ ಸಂಘದ ಮುಂದಿನ ಕಟ್ಟೆಯಲ್ಲಿ ಹುಟ್ಟಿದ್ದಲ್ಲ ಬಿಡಿ.

ಊರುಗಳು ಹುಟ್ಟಿದ್ದು ರೈಲಿನಿಂದ. ಗೋಧಿ ಗಾಡಿ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬೇಕಲ್ಲ, ಆದ್ದರಿಂದ ಎಂಟು ಹತ್ತು ಮೈಲಿಗೊಂದು ನಿಲ್ದಾಣ. ಪ್ರತಿ ನಿಲ್ದಾಣದಲ್ಲೂ ಎತ್ತರದ ಮರದ ಧಾನ್ಯದ ಕಣಜ, ಒಂದು ಅಂಗಡಿ, ಶಾಲೆ, ಚರ್ಚು, ಸಭಾಭವನ. ಸುಗ್ಗಿ ಮುಗಿದ ಮೇಲೆ ಊರೂಟ. ಹೆಂಗಸರೆಲ್ಲ ಸೇರಿ ಅಡುಗೆ ಮಾಡಿ, ಟಿಕೆಟ್ ಮಾರಿ, ಬಂದ ದುಡ್ಡಿನಲ್ಲಿ ಭವನದ ಸೂರು ಹೊದಿಸುತ್ತಿದ್ದರು. ಕೌದಿ ಹೊಲಿಯುವುದಕ್ಕೂ ಒಟ್ಟಿಗೆ ಕೂರುತ್ತಿದ್ದರು. ಮಾತಿಗೆ ಮನುಷ್ಯರು ಸಿಗದ ಬಯಲಿನಲ್ಲಿ ಆ ಹೊಲಿಗೆಗಿಂತ ಮಾತೇ ದೊಡ್ಡದಾಗಿದ್ದಿರಬೇಕು.

ಆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದುದು ಹೆರಿಗೆ. ವೈದ್ಯರು ಎಷ್ಟೋ ಮೈಲಿ ದೂರ, ನಡುವೆ ಹಿಮ. ವಯೊಲೆಟ್ ಮೆಕ್‌ನಾಟನ್ ಎಂಬ ಶಿಕ್ಷಕಿ 1909ರಲ್ಲಿ ಇಂಗ್ಲೆಂಡಿನಿಂದ ಹ್ಯಾರಿಸ್ ಎಂಬ ಊರಿನ ಬಳಿಗೆ ಬಂದರು, ಮರುವರ್ಷ ಅಲ್ಲೇ ಮದುವೆಯಾಗಿ ಮಣ್ಣಿನ ಮನೆಯಲ್ಲಿ ಸಂಸಾರ ಹೂಡಿದರು. ಆಮೇಲಾದ ಒಂದು ಶಸ್ತ್ರಚಿಕಿತ್ಸೆಯಿಂದ ಅವರಿಗೆ ಮಕ್ಕಳಾಗುವ ಆಸೆ ಉಳಿಯಲಿಲ್ಲ. 1914ರಲ್ಲಿ ಅವರು ಧಾನ್ಯ ಬೆಳೆಗಾರ ಮಹಿಳೆಯರ ಸಂಘದ ಮೊದಲ ಅಧ್ಯಕ್ಷೆಯಾದರು. ಹಳ್ಳಿಗೆ ದಾದಿ, ಸೂಲಗಿತ್ತಿ, ಕೈಗೆಟುಕುವ ಆಸ್ಪತ್ರೆ ಬೇಕು ಎಂದು ಹಿಡಿದ ಪಟ್ಟು ಬಿಡಲಿಲ್ಲ. ಅಕ್ಕಪಕ್ಕದ ಊರುಗಳು ಕೂಡಿ ತೆರಿಗೆ ಹಣದಲ್ಲಿ ಆಸ್ಪತ್ರೆ ನಡೆಸಬಹುದೆಂಬ ಕಾನೂನು 1916ರಲ್ಲಿ ಬಂತು. ಅದೇ ವರ್ಷ ಅಲ್ಲಿನ ಮಹಿಳೆಯರಿಗೆ ಪ್ರಾಂತ್ಯದ ಮತದಾನದ ಹಕ್ಕೂ ಸಿಕ್ಕಿತು.

ಆದರೂ ಆಸ್ತಿಯ ಪ್ರಶ್ನೆ ಉಳಿದೇ ಇತ್ತು. ಪಕ್ಕದ ಆಲ್ಬರ್ಟಾ ಪ್ರಾಂತ್ಯದ ಐರೀನ್ ಮರ್ಡಾಕ್ 25 ವರ್ಷ ಗಂಡನ ಜೊತೆ ದನದ ಫಾರ್ಮಿನಲ್ಲಿ ದುಡಿದರು. ಹುಲ್ಲು ಕೊಯ್ದರು, ಟ್ರ್ಯಾಕ್ಟರ್ ಓಡಿಸಿದರು, ದನಗಳಿಗೆ ಲಸಿಕೆ ಹಾಕಿದರು, ಕೊಂಬು ತೆಗೆದರು. ಗಂಡ ವರ್ಷದಲ್ಲಿ ಸುಮಾರು ಐದು ತಿಂಗಳು ಹೊರಗಿನ ಕೆಲಸಕ್ಕೆ ಹೋದಾಗ ಎಲ್ಲವನ್ನೂ ನೋಡಿಕೊಂಡರು. ಸಂಸಾರ ಮುರಿದಾಗ ಜಮೀನಿನಲ್ಲಿ ಪಾಲು ಕೇಳಿದರು. ಇದು ಯಾವ ರೈತನ ಹೆಂಡತಿಯಾದರೂ ಮಾಡುವ ಕೆಲಸವೇ ಎಂಬ ಮಾತನ್ನು ಒಪ್ಪಿ 1973ರಲ್ಲಿ ಸುಪ್ರೀಂ ಕೋರ್ಟ್ ಪಾಲು ನಿರಾಕರಿಸಿತು. ಐವರು ನ್ಯಾಯಮೂರ್ತಿಗಳಲ್ಲಿ ಬೋರಾ ಲಾಸ್ಕಿನ್ ಒಬ್ಬರೇ ಆಕೆಯ ಪರ ಬರೆದರು. ದೇಶದ ಹೆಂಗಸರು ಸಿಡಿದೆದ್ದರು. 1978ರಲ್ಲಿ ಆಲ್ಬರ್ಟಾ ಕಾನೂನು ಬದಲಿಸಿತು, ಬೇರೆ ಪ್ರಾಂತ್ಯಗಳೂ ಬದಲಿಸಿದವು. ಹಸು ಕಟ್ಟಿ, ಹಾಲು ಕರೆದು, ಸಂಘಕ್ಕೆ ಹಾಕುವವಳು ನೀವು, ಷೇರು ಮತ್ತು ಬಟವಾಡೆಯ ಖಾತೆ ಯಾರ ಹೆಸರಿನಲ್ಲಿದೆ ಎಂದು ಈ ವಾರ ಒಮ್ಮೆ ಪಾಸ್‌ಬುಕ್ ತೆಗೆದು ನೋಡಿ.

ಈಗ ಆ ಊರುಗಳು ಬಹಳ ಬರಿದಾಗಿವೆ. ಲಾರಿ, ಡಾಂಬರು ರಸ್ತೆ ಬಂದವು, ಜಮೀನುಗಳು ದೊಡ್ಡದಾದವು, ರೈಲು ಹಳಿ ಕಿತ್ತರು. 1930ರ ದಶಕದಲ್ಲಿ ಕೆನಡಾದ ಪ್ರೇರಿ ಬಯಲಿನಲ್ಲಿ 5,500ಕ್ಕೂ ಹೆಚ್ಚಿದ್ದ ಧಾನ್ಯದ ಕಣಜಗಳಲ್ಲಿ ಉಳಿದಿರುವುದು ಕೆಲವೇ ನೂರು. ಕೆಲವನ್ನು ಊರವರೇ ಬಣ್ಣ ಬಳಿದು ವಸ್ತುಸಂಗ್ರಹಾಲಯ ಮಾಡಿಕೊಂಡಿದ್ದಾರೆ. ಅಂಥ ಕಡೆಗಳಲ್ಲಿ ಕೆನೆ ಯಂತ್ರ, ಬೆಣ್ಣೆ ಅಚ್ಚು, ಸೊಟ್ಟಗಾದ ಕ್ಯಾನು ನೋಡಸಿಗುತ್ತವೆ.

ಪ್ರಾಂತ್ಯ ಹುಟ್ಟಿದ್ದು 1905ರಲ್ಲಿ. ಅದರ 50ನೇ ಮತ್ತು 75ನೇ ವರ್ಷದ ಸಂಭ್ರಮದಲ್ಲಿ ಎಷ್ಟೋ ಊರುಗಳು ತಮ್ಮ ಚರಿತ್ರೆಯನ್ನು ತಾವೇ ಬರೆದು ಅಚ್ಚು ಹಾಕಿಸಿದವು. ಮನೆಮನೆಯ ಕಥೆ, ಯಾರು ಯಾವ ದೇಶದಿಂದ ಬಂದರು, ಎಷ್ಟು ಹಸು, ಯಾವ ವರ್ಷ ಬರ ಎಂಬ ವಿವರವೆಲ್ಲ ಇರುವ ದಪ್ಪ ಪುಸ್ತಕಗಳು. ಅವುಗಳಲ್ಲಿನ ಹಳೆಯ ಗುಂಪು ಫೋಟೋಗಳ ಕೆಳಗೆ ಹೆಂಗಸರ ಹೆಸರು ಅನೇಕ ಸಲ ಇರುವುದೇ ಇಲ್ಲ. ‘ಶ್ರೀಮತಿ’ ಎಂದಿರುತ್ತದೆ, ಅದರ ಮುಂದೆ ಗಂಡನ ಹೆಸರು. ಆಕೆಯ ಸ್ವಂತ ಹೆಸರು ತಿಳಿಯಬೇಕಾದರೆ ಸ್ಮಶಾನದ ಕಲ್ಲು ಹುಡುಕಬೇಕು.