ಪ್ರಾರ್ಥನಾ ಗುಂಪಿನಲ್ಲಿ ಒಬ್ಬರು ನೋವು ಹೇಳಿಕೊಂಡಾಗ ನಾಯಕರ ಕೆಲಸ ಏನು?

ಒಂದು ದೃಶ್ಯ ಊಹಿಸಿಕೊಳ್ಳಿ. ಚರ್ಚ್ ಹಾಲ್‌ನಲ್ಲಿ ಎಂಟು ಜನ ಕೂತಿದ್ದಾರೆ. ಒಬ್ಬರು ಮೆಲ್ಲಗೆ ಹೇಳ್ತಾರೆ: ‘ನಮ್ಮ ಯಜಮಾನ್ರು ಮತ್ತೆ ಕುಡಿಯೋಕೆ ಶುರು ಮಾಡಿದಾರೆ.’ ತಕ್ಷಣ ಒಬ್ಬರು ‘ಇನ್ನೂ ಪ್ರಾರ್ಥನೆ ಮಾಡಿ ಸಿಸ್ಟರ್’ ಅಂತಾರೆ. ಇನ್ನೊಬ್ಬರು ಬೈಬಲ್ ವಾಕ್ಯ ಓದ್ತಾರೆ. ಮತ್ತೊಬ್ಬರು ‘ಕ್ಷಮಿಸಿಬಿಡಿ’ ಅಂತಾರೆ. ಮುಂದಿನ ವಾರ ಆಕೆ ಬರೋದಿಲ್ಲ.

ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ಕ್ರೈಸ್ತ ಆಪ್ತಸಮಾಲೋಚನೆಯಲ್ಲಿ ಗುಂಪು ಹೇಗೆ ನಡೆಯುತ್ತೆ, ಅದರ ನಾಯಕರು ಏನು ಮಾಡಬೇಕು ಅನ್ನೋದು ಇವತ್ತಿನ ವಿಷಯ.

ಇಂಥ ಗುಂಪುಗಳು ಹೊಸದೇನಲ್ಲ. 1742ರಲ್ಲಿ ಇಂಗ್ಲೆಂಡ್‌ನ ಬ್ರಿಸ್ಟಲ್‌ನಲ್ಲಿ ಮೆಥೊಡಿಸ್ಟರು ತಮ್ಮ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಿತ್ತು. ಸುಮಾರು 12 ಜನರಿಗೆ ಒಬ್ಬ ನಾಯಕ, ಪ್ರತಿಯೊಬ್ಬರಿಂದ ವಾರಕ್ಕೆ ಒಂದು ಪೆನ್ನಿ ವಸೂಲಿ. ಮನೆಮನೆಗೆ ಹೋದ ನಾಯಕರಿಗೆ ಜನರ ಕಷ್ಟಸುಖವೂ ಕಣ್ಣಿಗೆ ಬಿತ್ತು. ಜಾನ್ ವೆಸ್ಲಿ ಅದನ್ನೇ ಪದ್ಧತಿ ಮಾಡಿದರು. ಅದೇ ‘ಕ್ಲಾಸ್ ಮೀಟಿಂಗ್’. ಆದರೆ ಆ ನಾಯಕರು ವಿಚಾರಿಸೋದರ ಜೊತೆಗೆ ಬುದ್ಧಿಯನ್ನೂ ಹೇಳ್ತಿದ್ದರು, ತಪ್ಪು ಕಂಡರೆ ಎಚ್ಚರಿಸುತ್ತಲೂ ಇದ್ದರು.

1991ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚ್‌ನಲ್ಲಿ ಶುರುವಾದ ‘ಸೆಲೆಬ್ರೇಟ್ ರಿಕವರಿ’ ಬೇರೆ ದಾರಿ ಹಿಡಿಯಿತು. ಕುಡಿತ, ಕೋಪ, ಹಳೆಯ ಗಾಯಗಳಿಂದ ಹೊರಬರೋಕೆ ಬಂದವರಿಗೆ ಅಲ್ಲಿ ಕೆಲವು ಕಟ್ಟುನಿಟ್ಟಿನ ನಿಯಮಗಳಿವೆ. ನಿಮ್ಮ ಬಗ್ಗೆ ಮಾತ್ರ ಮಾತಾಡಿ, ಅದೂ ಮೂರರಿಂದ ಐದು ನಿಮಿಷ. ಒಬ್ಬರು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡಿ. ಇನ್ನೊಬ್ಬರನ್ನು ಸರಿಮಾಡೋಕೆ ಹೋಗಬೇಡಿ. ಕೇಳಿದ್ದು ಕೋಣೆಯಿಂದ ಹೊರಗೆ ಹೋಗಬಾರದು.

ಸಲಹೆ ಯಾಕೆ ಬೇಡ? ಬೇರೆಯವರ ನೋವು ಕೇಳುವಾಗ ನಮಗೇ ಕಸಿವಿಸಿ ಆಗುತ್ತೆ. ಒಂದು ಉತ್ತರ ಕೊಟ್ಟರೆ ನಮಗೆ ಹಗುರ, ಹೇಳಿದವರಿಗೆ ಬಾಯಿ ಮುಚ್ಚಿಸಿದ ಹಾಗೆ.

ಮನೋವಿಜ್ಞಾನಿ ಬ್ರೂಸ್ ಟಕ್ಮನ್ 1965ರಲ್ಲಿ ಗುಂಪು ಬೆಳೆಯುವ ನಾಲ್ಕು ಹಂತ ಗುರುತಿಸಿದರು: ಸೇರೋದು, ಜಟಾಪಟಿ, ನಿಯಮಕ್ಕೆ ಒಗ್ಗೋದು, ಒಟ್ಟಾಗಿ ಕೆಲಸ ಮಾಡೋದು. ಚರ್ಚ್ ಗುಂಪುಗಳು ಬಹಳ ಸಲ ಮೊದಲ ಹಂತದಲ್ಲೇ ನಿಂತುಬಿಡ್ತವೆ. ಎಲ್ಲರೂ ‘ದೇವರ ದಯೆಯಿಂದ ಚೆನ್ನಾಗಿದೀವಿ’ ಅಂತಾರೆ. ಭಿನ್ನಾಭಿಪ್ರಾಯ ತಲೆ ಎತ್ತಿದ ಕೂಡಲೇ ನಾಯಕರು ‘ಬನ್ನಿ, ಪ್ರಾರ್ಥನೆ ಮಾಡೋಣ’ ಅಂತ ಮಾತು ಮುಗಿಸ್ತಾರೆ. ಆ ಜಟಾಪಟಿ ದಾಟದೆ ನಂಬಿಕೆ ಹುಟ್ಟೋದು ಕಷ್ಟ.

ಪಾಸ್ಟರ್ ಅವರೇ ನಾಯಕರಾದರೆ ಇನ್ನೊಂದು ತೊಡಕು. ಅವರು ಮೊದಲು ಮಾತಾಡಿದರೆ ಉಳಿದವರೆಲ್ಲ ಅದಕ್ಕೇ ಹೂಂ ಅಂತಾರೆ. ಹಾಗಾಗಿ ನಾಯಕರು ಕೊನೆಗೆ ಮಾತಾಡೋದು, ನಿಯಮ ಮುರಿದವರನ್ನು ನಯವಾಗಿ ತಡೆಯೋದು ಒಳ್ಳೆಯದು. ‘ಅವರಿಗಾಗಿ ಪ್ರಾರ್ಥಿಸಿ’ ಅನ್ನೋ ಹೆಸರಲ್ಲಿ ಗುಟ್ಟು ಊರೆಲ್ಲ ಹರಡದಂತೆ ನೋಡಿಕೊಳ್ಳೋದೂ ಅವರದೇ ಜವಾಬ್ದಾರಿ.

ಗುಟ್ಟಿಗೂ ಒಂದು ಮಿತಿ ಇದೆ. ಯಾರಾದರೂ ಜೀವ ಕಳ್ಕೊಳ್ಳೋ ಮಾತಾಡಿದರೆ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದರೆ ಸುಮ್ಮನಿರಬಾರದು. ಟೆಲಿ ಮಾನಸ್ ಸಹಾಯವಾಣಿ 14416, ಮಹಿಳಾ ಸಹಾಯವಾಣಿ 181. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ ಮೊದಲು ಬೇಕಾದದ್ದು ಸುರಕ್ಷತೆ. ಕ್ಷಮೆಯ ಪಾಠ ಅಲ್ಲ.

ಆವತ್ತು ಆ ಹಾಲ್‌ನಲ್ಲಿ ನಾಯಕರು ‘ಒಂದು ನಿಮಿಷ, ಅವರು ಪೂರ್ತಿ ಹೇಳಲಿ’ ಅಂದಿದ್ದರೆ, ಮುಂದಿನ ವಾರವೂ ಆಕೆ ಬರ್ತಿದ್ದರೇನೋ.